ಚರಂಡಿಯ ಎಸ್ಟಿಮೇಟ್‌ಗಿಂತ ಮೊದಲು ಬೀದಿಯ ನೀರಿನ ನಕ್ಷೆ

ಮನೆಯೊಳಗೆ ನೀರು ನುಗ್ಗಿದ್ದು ಯಾವ ಮಳೆಯಲ್ಲಿ ಅಂತ ಹಾಸನದ ತಗ್ಗು ಬಡಾವಣೆಗಳಲ್ಲಿ ಕೇಳಿ ನೋಡಿ. ಪುನರ್ವಸು, ಪುಷ್ಯ ಅಂತ ಹೇಳುವವರು ಕಡಿಮೆ. ಜುಲೈನಲ್ಲಿ ವಾರಗಟ್ಟಲೆ ಬಿಸಿಲು ಕಾಣದಂತೆ ಜಿಟಿಜಿಟಿ ಹಿಡಿಯುತ್ತದೆ. ಬಟ್ಟೆ ಒಣಗುವುದಿಲ್ಲ, ಗೋಡೆಗೆ ಬೂಷ್ಟು ಹತ್ತುತ್ತದೆ. ಆದರೆ ಚರಂಡಿ ತನ್ನ ಪಾಡಿಗೆ ಹರಿಯುತ್ತಿರುತ್ತದೆ. ಜನ ನೆನೆಸಿಕೊಳ್ಳುವುದು ಏಪ್ರಿಲ್ ಕೊನೆಯ ಭರಣಿ, ಮೇ ತಿಂಗಳ ಕೃತ್ತಿಕೆ, ಆಮೇಲೆ ಅಕ್ಟೋಬರ್ ಆಸುಪಾಸಿನ ಹಸ್ತ, ಚಿತ್ತೆ. ಮಧ್ಯಾಹ್ನದವರೆಗೆ ಸುಡು ಬಿಸಿಲು, ಸಂಜೆ ಗುಡುಗು, ಮುಕ್ಕಾಲು ಗಂಟೆ ಧೋ ಅಂತ ಮಳೆ. ಅಷ್ಟಕ್ಕೇ ಅಡ್ಡರಸ್ತೆಗಳು ಹೊಳೆಯಾಗುತ್ತವೆ, ಬೈಕ್‌ಗಳು ಅರ್ಧ ಮುಳುಗುತ್ತವೆ, ಹೊಸ್ತಿಲು ದಾಟಿ ಕೊಳಚೆ ಒಳಗೆ ಬರುತ್ತದೆ.

ಇದರಲ್ಲೇ ಮೊದಲ ಪಾಠ ಇದೆ. ಚರಂಡಿಗೆ ಮುಖ್ಯವಾಗುವುದು ವರ್ಷಕ್ಕೆ ಎಷ್ಟು ಮಳೆ ಬಂತು ಅನ್ನುವುದಲ್ಲ, ಎಷ್ಟು ಹೊತ್ತಿನಲ್ಲಿ ಎಷ್ಟು ಬಂತು ಅನ್ನುವುದು. ಇಡೀ ದಿನದಲ್ಲಿ 60 ಮಿಲಿಮೀಟರ್ ಬಂದರೆ ಏನೂ ಆಗದ ಬೀದಿ, ಒಂದೇ ಗಂಟೆಯಲ್ಲಿ 60 ಮಿಲಿಮೀಟರ್ ಬಂದರೆ ಮುಳುಗುತ್ತದೆ. ಜಿಲ್ಲೆಯ ಸರಾಸರಿ ಅಂಕಿ ಇಟ್ಟುಕೊಂಡಂತೂ ಏನೂ ಮಾಡಲಾಗದು. ಸಕಲೇಶಪುರದ ಕಡೆ ವರ್ಷಕ್ಕೆ 2,000 ಮಿಲಿಮೀಟರ್ ಮೀರುತ್ತದೆ, ಅರಸೀಕೆರೆ ಕಡೆ ಅದರ ಅರ್ಧವೂ ಇಲ್ಲ. ಹಾಸನ ನಗರ ಈ ಎರಡರ ನಡುವೆ ಕೂತಿದೆ. ನಗರದೊಳಗೂ ಸಾಲಗಾಮೆ ರಸ್ತೆ ಕಡೆ ಸುರಿದ ಮಳೆ ಬಿ.ಎಂ. ರಸ್ತೆ ಕಡೆ ಬರದೇ ಹೋಗಬಹುದು.

ಪ್ರತಿ ಸಲ ನೀರು ನುಗ್ಗಿದಾಗಲೂ ಒಂದೇ ಕ್ರಮ ನಡೆಯುತ್ತದೆ. ಜನ ರಸ್ತೆಗೆ ಬರುತ್ತಾರೆ, ಜನಪ್ರತಿನಿಧಿಗಳು ಬಂದು ನೋಡುತ್ತಾರೆ, ಚರಂಡಿಗೆ ದುಡ್ಡು ಮಂಜೂರಾಗುತ್ತದೆ. ಎಸ್ಟಿಮೇಟ್ ತೆಗೆಯುವಾಗ ನೋಡುವುದು ಉದ್ದ: ಇಂಥ ಕ್ರಾಸ್‌ನಿಂದ ಇಂಥ ಕ್ರಾಸ್‌ವರೆಗೆ ಇಷ್ಟು ಮೀಟರ್, ಮೀಟರಿಗೆ ಇಷ್ಟು ದರ. ಆ ಚರಂಡಿಗೆ ಮೇಲಿನಿಂದ ಎಷ್ಟು ನೀರು ಬರುತ್ತದೆ, ಕೆಳಗೆ ಅದು ಎಲ್ಲಿಗೆ ಹೋಗಿ ಸೇರುತ್ತದೆ ಅನ್ನುವುದು ಬಹಳ ಸಲ ಆ ಕಾಗದದಲ್ಲಿ ಇರುವುದೇ ಇಲ್ಲ. ಮುಂದಿನ ವರ್ಷ ಹೊಸ ಕಾಂಕ್ರೀಟ್ ಚರಂಡಿ ಪಕ್ಕದಲ್ಲೇ ನೀರು ನಿಂತಿರುತ್ತದೆ. ಅದಕ್ಕೇ ನಾನು ಹೇಳುವುದು ಇಷ್ಟು: ಚರಂಡಿಗೆ ದುಡ್ಡು ಕೇಳುವ ಮೊದಲು ಬೀದಿಯ ನೀರಿನ ನಕ್ಷೆ ಬರೆಯಬೇಕು. ಅದರ ಅರ್ಧಕ್ಕಿಂತ ಜಾಸ್ತಿ ಕೆಲಸವನ್ನು ಬೀದಿಯವರೇ ಮಾಡಬಹುದು. ಮಾಡಲೂಬೇಕು. ಆ ಮಾಹಿತಿ ಇರುವುದು ಅವರ ಹತ್ತಿರ ಮಾತ್ರ.

ರಾಗಿ ಹೊಲ ಬಡಾವಣೆಯಾದಾಗ

ಲೆಕ್ಕ ಸುಲಭ ಇದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 30x40 ಸೈಟ್ ಅಂದರೆ ಸುಮಾರು 111 ಚದರ ಮೀಟರ್. ಒಂದು ಸಂಜೆ 40 ಮಿಲಿಮೀಟರ್ ಮಳೆ ಬಿದ್ದರೆ ಆ ಒಂದು ಸೈಟ್ ಮೇಲೆ ಬೀಳುವುದು ಹೆಚ್ಚುಕಡಿಮೆ 4,400 ಲೀಟರ್. ಇದರಲ್ಲಿ ಎಷ್ಟು ಇಂಗುತ್ತದೆ, ಎಷ್ಟು ಹೊರಗೆ ಹರಿಯುತ್ತದೆ ಅನ್ನುವುದು ನೆಲದ ಮೇಲೆ ಏನಿದೆ ಅನ್ನುವುದರ ಮೇಲೆ ನಿಂತಿದೆ.

ಎಂಜಿನಿಯರುಗಳು ಇದಕ್ಕೆ ಒಂದು ಹಳೆಯ ಸೂತ್ರ ಬಳಸುತ್ತಾರೆ. ನೀರು ಬಂದು ಸೇರುವ ಜಾಗದ ವಿಸ್ತೀರ್ಣ, ಗಂಟೆಗೆ ಬೀಳುವ ಮಳೆ, ಅದರಲ್ಲಿ ಹರಿದು ಹೋಗುವ ಪಾಲು, ಈ ಮೂರನ್ನು ಗುಣಿಸುವುದು. ಹೊಲ, ತೋಟದಂಥ ಜಾಗದಲ್ಲಿ ಹರಿಯುವ ಪಾಲು ಸುಮಾರು 0.3 ಅಂತ ಹಿಡಿಯಬಹುದು. ತಾರಸಿ, ಕಾಂಕ್ರೀಟ್ ರಸ್ತೆ, ಟೈಲ್ಸ್ ಹಾಕಿದ ಅಂಗಳ ಇರುವ ಕಡೆ ಅದು 0.8 ಅಥವಾ ಇನ್ನೂ ಜಾಸ್ತಿ.

ಐದು ಹೆಕ್ಟೇರ್, ಅಂದರೆ ಸುಮಾರು ಹನ್ನೆರಡೂವರೆ ಎಕರೆಯ ಒಂದು ಬಡಾವಣೆ ಅಂದುಕೊಳ್ಳಿ. ಗಂಟೆಗೆ 60 ಮಿಲಿಮೀಟರ್ ವೇಗದಲ್ಲಿ ಮಳೆ ಹೊಯ್ಯುತ್ತಿದೆ. ಅದು ರಾಗಿ ಹೊಲವಾಗಿದ್ದಾಗ ಕೆಳಗೆ ಹರಿದು ಬರುತ್ತಿದ್ದದ್ದು ಸೆಕೆಂಡಿಗೆ 250 ಲೀಟರ್. ಮನೆ ತುಂಬಿದ ಮೇಲೆ ಅದೇ ಮಳೆಗೆ ಬರುವುದು ಸೆಕೆಂಡಿಗೆ 670 ಲೀಟರ್. ಮಳೆ ಬದಲಾಗಿಲ್ಲ. ನೆಲ ಬದಲಾಗಿದೆ.

ಈಗ ಚರಂಡಿ ನೋಡೋಣ. ನಮ್ಮ ಬಡಾವಣೆಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ಕಾಂಕ್ರೀಟ್ ಚರಂಡಿಗೆ 300 ಮೀಟರಿಗೆ ಒಂದು ಮೀಟರ್ ಇಳಿಜಾರು ಇದೆ ಅನ್ನಿ. ಅದು ಬಾಯಿ ತುಂಬ ಹರಿದರೂ ಸೆಕೆಂಡಿಗೆ ಸಾಗಿಸುವುದು ಸುಮಾರು 220 ಲೀಟರ್. ಹೊಲದ ಕಾಲಕ್ಕೆ ಹತ್ತಿರ ಹತ್ತಿರ ಸಾಕಾಗುತ್ತಿತ್ತು. ಬಡಾವಣೆಗೆ ಮೂರರಲ್ಲಿ ಒಂದು ಪಾಲಿಗೂ ಸಾಲದು. ಇನ್ನೊಂದು ವಿಷಯ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಅದೇ ಚರಂಡಿಯಲ್ಲಿ ಅರ್ಧ ಹೂಳು ತುಂಬಿದ್ದರೆ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ, ಅದು ನೂರಕ್ಕೆ ನಲವತ್ತರ ಹತ್ತಿರಕ್ಕೆ ಇಳಿಯುತ್ತದೆ. ಜಾಗ ಕಡಿಮೆಯಾಗುವುದರ ಜೊತೆಗೆ ನೀರಿನ ಓಟವೂ ನಿಧಾನವಾಗುತ್ತದೆ. ನಿಧಾನವಾದ ನೀರು ಇನ್ನಷ್ಟು ಮಣ್ಣನ್ನು ಅಲ್ಲೇ ಬಿಡುತ್ತದೆ.

ಈ ಲೆಕ್ಕಕ್ಕೆ ಬೇಕಾದ ಅಂಕಿಗಳೆಲ್ಲ ಬೀದಿಯಲ್ಲೇ ಬಿದ್ದಿವೆ. ಎಷ್ಟು ಜಾಗದ ನೀರು ಈ ಮೋರಿಗೆ ಬರುತ್ತದೆ? ಅದರಲ್ಲಿ ಕಾಂಕ್ರೀಟ್ ಎಷ್ಟು, ಮಣ್ಣು ಎಷ್ಟು? ಚರಂಡಿಯ ಅಗಲ, ಆಳ, ಇಳಿಜಾರು, ಹೂಳು ಎಷ್ಟು? ಸರ್ವೆ ಅಂದರೆ ಇಷ್ಟನ್ನೇ ಕ್ರಮವಾಗಿ ಬರೆದುಕೊಳ್ಳುವುದು.

ಇದು ಹೊಸ ವಿಚಾರವೂ ಅಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲೇ ನಗರ ಪ್ರವಾಹದ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ವಾರ್ಡಿನ ಗಡಿ ನೋಡಬೇಡಿ, ನೀರು ಹರಿದು ಸೇರುವ ಜಲಾನಯನವನ್ನೇ ಆಧಾರವಾಗಿ ಇಟ್ಟುಕೊಳ್ಳಿ ಅನ್ನುವುದು ಅದರ ಮುಖ್ಯ ಮಾತು. ನಾಲ್ಕು ಚದರ ಕಿಲೋಮೀಟರಿಗೆ ಒಂದು ಸ್ವಯಂಚಾಲಿತ ಮಳೆಮಾಪಕ ಇರಬೇಕು ಅಂತಲೂ ಅದು ಹೇಳುತ್ತದೆ. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ಮಳೆನೀರು ಚರಂಡಿಗಳಿಗೆ ಅಂತಲೇ ಪ್ರತ್ಯೇಕ ಕೈಪಿಡಿ ತಂದಿತು. ನಿಯಮ ಕಾಗದದಲ್ಲಿ ಇದೆ. ನಮ್ಮ ಅಡ್ಡರಸ್ತೆಗೆ ಅದು ಇಳಿದು ಬಂದಿಲ್ಲ, ಅಷ್ಟೇ.

ಕಾಗದದ ಮೇಲೆ ಮೊದಲ ಹೆಜ್ಜೆ

ಹಾಸನ ಕೆರೆಗಳ ಊರು. ಹುಣಸಿನಕೆರೆ, ಚನ್ನಪಟ್ಟಣ ಕೆರೆ, ಸತ್ಯಮಂಗಲ ಕೆರೆ ಇವೆಲ್ಲ ಒಂದು ಕಾಲಕ್ಕೆ ಊರಾಚೆ ಇದ್ದವು, ಈಗ ಊರು ಅವುಗಳನ್ನು ಸುತ್ತುವರಿದಿದೆ. ತರಕಾರಿ ತರಲು ನಾವು ಹೋಗುವ ಕಟ್ಟಿನಕೆರೆ ಮಾರುಕಟ್ಟೆಯ ಹೆಸರಲ್ಲೇ ಕೆರೆ ಇದೆ. ಕೆರೆ ಅಂದರೆ ಸುಮ್ನೆ ನೀರು ನಿಂತ ಜಾಗ ಅಲ್ಲ ಅಲ್ವಾ. ಮೇಲಿನಿಂದ ನೀರು ತರುವ ಕಾಲುವೆ, ತೂಬು, ಹೆಚ್ಚಾದ ನೀರು ಹೊರಹೋಗುವ ಕೋಡಿ, ಕೋಡಿಯಿಂದ ಮುಂದಿನ ಕೆರೆಗೆ ಹಳ್ಳ, ಹೀಗೆ ಒಂದಕ್ಕೊಂದು ಪೋಣಿಸಿಕೊಂಡಿದ್ದ ವ್ಯವಸ್ಥೆ ಅದು. ಇಲ್ಲಿನ ನೀರೆಲ್ಲ ಕೊನೆಗೆ ಸೇರುವುದು ಹೇಮಾವತಿಯನ್ನು, ಅಲ್ಲಿಂದ ಕಾವೇರಿಯನ್ನು.

2011ರ ಜನಗಣತಿಯ ಹೊತ್ತಿಗೇ ನಗರ ಮತ್ತು ಸುತ್ತಲ ಬಡಾವಣೆಗಳ ಜನಸಂಖ್ಯೆ ಒಂದೂವರೆ ಲಕ್ಷ ದಾಟಿತ್ತು. ಆಮೇಲೆ ಊರು ಎಲ್ಲ ದಿಕ್ಕಿಗೂ ಬೆಳೆದಿದೆ. ನಗರಸಭೆಯನ್ನು ಮಹಾನಗರ ಪಾಲಿಕೆ ಮಾಡಲು ಸರ್ಕಾರ ನಿರ್ಧರಿಸಿದ ಮೇಲೆ ಸುತ್ತಲಿನ ಹಳ್ಳಿಗಳೂ ನಗರದ ಲೆಕ್ಕಕ್ಕೆ ಬರುತ್ತಿವೆ. ಇದು ಸರಿಯಾದ ಹೊತ್ತು ಅಂತ ನನಗೆ ಅನ್ನಿಸುತ್ತದೆ. ಹೊಲಗಳು ಇನ್ನೂ ಪೂರ್ತಿ ಸೈಟ್ ಆಗಿಲ್ಲ. ಹಳ್ಳಗಳು ಕೆಲವು ಕಡೆ ಇನ್ನೂ ಕಣ್ಣಿಗೆ ಕಾಣುತ್ತಿವೆ. ಈಗ ಗುರುತು ಹಾಕಿಕೊಳ್ಳದಿದ್ದರೆ ಹತ್ತು ವರ್ಷದಲ್ಲಿ ಅವುಗಳ ಮೇಲೆ ಮನೆ ಎದ್ದಿರುತ್ತದೆ. ಆಗ ಮಾಡಲು ಉಳಿಯುವುದು ಜೆಸಿಬಿ ತರುವುದು, ಕೋರ್ಟಿಗೆ ಹೋಗುವುದು.

ಹಾಗಾಗಿ ಸರ್ವೆಯ ಮೊದಲ ಕೆಲಸ ಹಳೆಯ ಗ್ರಾಮ ನಕ್ಷೆ ತೆಗೆಸುವುದು. ಕಂದಾಯ ಇಲಾಖೆಯ ನಕ್ಷೆಯಲ್ಲಿ ಸರ್ವೆ ನಂಬರ್‌ಗಳ ಜೊತೆ ಕೆರೆ, ಹಳ್ಳ, ಬಂಡಿದಾರಿ ಎಲ್ಲ ಇರುತ್ತವೆ. ಅದರ ಪಕ್ಕದಲ್ಲಿ ಬಡಾವಣೆಯ ಮಂಜೂರಾದ ನಕ್ಷೆ ಇಡಿ. ನಾವು ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್ ಮೊಬೈಲ್‌ನಲ್ಲಿ ಸಿಗುತ್ತದೆ, ಅದನ್ನು ಹಿಡಿದು ನಡೆದರೆ ಹಳೆಯ ಹಳ್ಳದ ಗೆರೆ ಈಗಿನ ಯಾವ ಕ್ರಾಸ್ ಮೇಲೆ ಬಿದ್ದಿದೆ ಅಂತ ಅಂದಾಜು ಸಿಗುತ್ತದೆ. ನೀರು ನಿಲ್ಲುವ ಬೀದಿಗಳ ಪಟ್ಟಿಯನ್ನೂ ಹಳ್ಳದ ಗೆರೆಯನ್ನೂ ಒಂದರ ಮೇಲೊಂದು ಇಟ್ಟು ನೋಡಿ. ಎರಡೂ ಕೂಡುವ ಕಡೆ ನೀರು ತನ್ನ ಹಳೆಯ ದಾರಿಯಲ್ಲೇ ಬರುತ್ತಿದೆ ಅಂತ ಅರ್ಥ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಹಳ್ಳದ ಮೇಲೆ ಮನೆ ಕಟ್ಟಿಕೊಂಡವರಲ್ಲಿ ಬಹಳ ಜನ ಸಾಲ ಮಾಡಿ, ನಕ್ಷೆ ನೋಡಿಯೇ ಸೈಟ್ ಕೊಂಡವರು. ಕೆಳಗಿದ್ದ ಹಳ್ಳದ ಸುದ್ದಿ ಅವರಿಗೆ ಯಾರೂ ಹೇಳಿರಲಿಲ್ಲ. ಸರ್ವೆಯನ್ನು ಒತ್ತುವರಿ ಹುಡುಕುವ ಕೆಲಸ ಅಂತ ಶುರು ಮಾಡಿದರೆ ಮೊದಲ ದಿನವೇ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಅದನ್ನಷ್ಟೇ ಕೇಳಬೇಕು. ತಪ್ಪು ಯಾರದು ಅನ್ನುವ ವಿಚಾರಣೆ ಬೇರೆ ಜಾಗದಲ್ಲಿ ಆಗಲಿ.

ಲೆವೆಲ್ ಪೈಪ್ ಹೇಳುವ ಸತ್ಯ

ಉಪಗ್ರಹದ ನಕ್ಷೆ ಇದೆ, ಡ್ರೋನ್ ಇದೆ, ಈ ಅಳತೆ ಎಲ್ಲ ಯಾಕೆ ಅಂತ ಕೇಳುವವರಿದ್ದಾರೆ. ನಮಗೆ ಪುಕ್ಕಟೆ ಸಿಗುವ ಉಪಗ್ರಹದ ಎತ್ತರದ ಮಾಹಿತಿಯಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ 30 ಮೀಟರ್ ಅಗಲ, 30 ಮೀಟರ್ ಉದ್ದ. ಅಷ್ಟರಲ್ಲಿ ಐದಾರು ಸೈಟ್ ಹಿಡಿಯುತ್ತವೆ. ಎತ್ತರದಲ್ಲಿ ಕೆಲವು ಮೀಟರ್ ಹೆಚ್ಚುಕಡಿಮೆ ಆಗುವುದೂ ಇದೆ. ಊರಿನ ಇಳಿಜಾರು ಯಾವ ಕಡೆಗೆ ಅಂತ ತಿಳಿಯಲು ಅದು ಸಾಕು. ಚರಂಡಿಯ ವಿಷಯ ಇರುವುದು ಸೆಂಟಿಮೀಟರ್‌ಗಳಲ್ಲಿ. ಡ್ರೋನ್ ಇನ್ನೂ ಸೂಕ್ಷ್ಮವಾಗಿ ಅಳೆಯುತ್ತದೆ, ನಿಜ. ಆದರೆ ಸ್ಲ್ಯಾಬ್ ಕೆಳಗೆ ಏನಿದೆ ಅನ್ನುವುದು ಅದಕ್ಕೂ ಕಾಣುವುದಿಲ್ಲ.

ಗಾರೆ ಕೆಲಸದವರ ಹತ್ತಿರ ಇರುವ ಲೆವೆಲ್ ಪೈಪ್ ಗೊತ್ತಲ್ಲ, ನೀರು ತುಂಬಿದ ಪಾರದರ್ಶಕ ಪೈಪು? ಎರಡು ತುದಿಯಲ್ಲೂ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ನಮ್ಮ ಬೀದಿಯಲ್ಲಿ ಪರಿಚಯದ ಮೇಸ್ತ್ರಿಯೊಬ್ಬರು ಅದನ್ನು ತಂದರು. ಅವರು ಒಂದು ತುದಿ ಹಿಡಿದರು, ಕಾಲೇಜು ಓದುವ ಹುಡುಗಿ ಇನ್ನೊಂದು ತುದಿ ಹಿಡಿದಳು, ನಾನು ಬರೆದುಕೊಂಡೆ. ಹತ್ತು ಹತ್ತು ಮೀಟರಿಗೆ ಚರಂಡಿಯ ತಳಕ್ಕೆ ಕೋಲು ಇಳಿಸಿ ಅಳೆಯುತ್ತಾ ಹೋದೆವು. ಮೊದಲ ನಲವತ್ತು ಮೀಟರ್ ಸರಿಯಾಗಿ ಇಳಿಯುತ್ತಿತ್ತು. ಆಮೇಲೆ ಇಳಿಯುವುದು ನಿಂತಿತು. ಅಲ್ಲಿಂದ ಮುಂದೆ, ದೊಡ್ಡ ಮೋರಿಗೆ ಸೇರುವ ಬಾಯಿಯ ಹತ್ತಿರ, ತಳ ಏಳು ಸೆಂಟಿಮೀಟರ್ ಮೇಲೆ ಬಂದಿತ್ತು. ಮೇಸ್ತ್ರಿ ಇನ್ನೊಂದು ಸಲ ಅಳತೆ ಮಾಡಿಸಿದರು. ಅಷ್ಟೇ ಬಂತು. "ನೋಡಿ ಸಾರ್, ನೀರು ಇಲ್ಲಿ ಹತ್ತಬೇಕು. ನೀರು ಹತ್ತುತ್ತಾ?" ಅಂದರು.

ಆ ಚರಂಡಿಯನ್ನು ಎಷ್ಟು ಸಲ ಕ್ಲೀನ್ ಮಾಡಿಸಿದರೂ ಹೂಳು ಯಾಕೆ ಅಲ್ಲೇ ಬಂದು ಕೂರುತ್ತದೆ ಅಂತ ಬೀದಿಯವರೆಲ್ಲ ಪೌರಕಾರ್ಮಿಕರನ್ನು ಬೈಯುತ್ತಿದ್ದರು. ತಪ್ಪು ಅವರದಾಗಿರಲಿಲ್ಲ. ಮಳೆನೀರು ತನ್ನ ಜೊತೆ ಮಣ್ಣನ್ನೂ ಎಳೆದುಕೊಂಡು ಹೋಗಬೇಕಾದರೆ ಸೆಕೆಂಡಿಗೆ 0.6 ಮೀಟರ್ ಆದರೂ ವೇಗ ಬೇಕು ಅನ್ನುತ್ತಾರೆ. ಇಳಿಜಾರೇ ಇಲ್ಲದ ಕಡೆ ಆ ವೇಗ ಎಲ್ಲಿಂದ ಬರಬೇಕು?

ಇಂಥ ಅಳತೆಯ ಜೊತೆಗೇ ಚರಂಡಿಯುದ್ದಕ್ಕೂ ನಡೆದು ನೋಡಬೇಕಾದ ಸಂಗತಿಗಳು ಹಲವು. ಮನೆ ಗೇಟಿನ ಮುಂದಿನ ರ್‍ಯಾಂಪ್ ಕೆಳಗೆ ನಾಲ್ಕಿಂಚಿನ ಪೈಪ್ ಹಾಕಿ ಕಾಂಕ್ರೀಟ್ ತುಂಬಿದ್ದಾರಾ? ಒಂದೂವರೆ ಅಡಿ ಚರಂಡಿಯ ಇಡೀ ನೀರು ಆ ನಾಲ್ಕಿಂಚಿನಲ್ಲಿ ತೂರಬೇಕು. ಕುಡಿಯುವ ನೀರಿನ ಪೈಪ್ ಚರಂಡಿಗೆ ಅಡ್ಡ ಹಾದಿದೆಯಾ? ಅಲ್ಲೊಂದು ಪ್ಲಾಸ್ಟಿಕ್ ಕವರ್ ಸಿಕ್ಕಿಕೊಂಡರೆ ಸಾಕು, ಅದಕ್ಕೆ ಎಲೆ, ಎಲೆಗೆ ಮಣ್ಣು. ಪೈಪ್ ಅಲ್ಲೇ ಒಡೆದಿದ್ದರಂತೂ ಕುಡಿಯುವ ನೀರಿನ ಮಾತೇ ಬೇರೆಯಾಗುತ್ತದೆ. ತಾರಸಿಯ ಮಳೆನೀರಿನ ಪೈಪನ್ನು ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿಯ ಛೇಂಬರ್‌ಗೆ ಕೊಟ್ಟಿದ್ದಾರಾ? ಇದು ಎಷ್ಟೋ ಮನೆಗಳಲ್ಲಿ ಇದೆ. ಯುಜಿಡಿ ಪೈಪ್ ಶೌಚದ ನೀರಿಗೆ ಅಂತ ಲೆಕ್ಕ ಹಾಕಿ ಹಾಕಿದ್ದು. ಬಿರುಮಳೆಯಲ್ಲಿ ನೂರು ತಾರಸಿಗಳ ನೀರು ಅದರೊಳಗೆ ನುಗ್ಗಿದರೆ ತಗ್ಗಿನ ಬೀದಿಯ ಮುಚ್ಚಳ ಎದ್ದು ಹೊಲಸು ರಸ್ತೆಗೆ ಬರುತ್ತದೆ. ಮೇಲಿನ ಬೀದಿಯವರಿಗೆ ಅದು ಗೊತ್ತೇ ಆಗುವುದಿಲ್ಲ.

ರಸ್ತೆಯ ಎತ್ತರವೂ ಹಾಗೆಯೇ. ಹಳೆಯ ಡಾಂಬರು ಕೆರೆದು ತೆಗೆಯದೆ ಅದರ ಮೇಲೇ ಹೊಸದು ಹಾಕಿದರೆ ಪ್ರತಿ ಸಲ ನಾಲ್ಕೈದು ಸೆಂಟಿಮೀಟರ್ ಏರುತ್ತದೆ. ಮೂವತ್ತು ವರ್ಷದ ಹಿಂದೆ ರಸ್ತೆಗಿಂತ ಎರಡು ಮೆಟ್ಟಿಲು ಮೇಲೆ ಕಟ್ಟಿದ ಮನೆ ಈಗ ರಸ್ತೆಗಿಂತ ಒಂದು ಮೆಟ್ಟಿಲು ಕೆಳಗಿದೆ. ಆ ಮನೆಯವರು ಎಷ್ಟು ದೊಡ್ಡ ಚರಂಡಿ ಕಟ್ಟಿಸಿಕೊಂಡರೂ ರಸ್ತೆಯ ನೀರು ಮೊದಲು ಹೋಗುವುದು ಅವರ ಅಂಗಳಕ್ಕೇ.

ಒಂದು ಮಾತು ಒತ್ತಿ ಹೇಳಬೇಕು. ನೋಡುವುದು ತೆರೆದ ಚರಂಡಿಗಳನ್ನು ಮಾತ್ರ. ಯುಜಿಡಿ ಮುಚ್ಚಳ ತೆಗೆಯುವುದು, ಒಳಗೆ ಇಳಿಯುವುದು ಯಾರೂ ಮಾಡಬಾರದು, ಯಾರಿಂದಲೂ ಮಾಡಿಸಬಾರದು. ಒಳಗಿನ ವಿಷಾನಿಲ ಕ್ಷಣದಲ್ಲಿ ಜೀವ ತೆಗೆಯುತ್ತದೆ. ಮಲಗುಂಡಿಗೆ ಮನುಷ್ಯರನ್ನು ಇಳಿಸುವುದರ ವಿರುದ್ಧ 2013ರ ಕಾಯ್ದೆಯೇ ಇದೆ.

ಮನೆಮನೆಯ ನೆನಪು

ಅಳತೆ ಹೇಳದ ಸಂಗತಿಗಳನ್ನು ಜನ ಹೇಳುತ್ತಾರೆ. ಕೇಳಬೇಕಾದದ್ದು ಕೆಲವೇ ಪ್ರಶ್ನೆ. ನೀರು ನಿಂತಿತ್ತಾ, ಯಾವ ವರ್ಷ, ಯಾವ ತಿಂಗಳು? ಎಲ್ಲಿಯವರೆಗೆ ಬಂದಿತ್ತು? ಗೋಡೆ ಮೇಲೆ ಕೈಯಿಟ್ಟು ತೋರಿಸಿದರೆ ರಸ್ತೆಯಿಂದ ಎಷ್ಟು ಎತ್ತರ ಅಂತ ಟೇಪ್ ಹಿಡಿದು ಬರೆದುಕೊಳ್ಳಿ. ಯಾವ ಕಡೆಯಿಂದ ಬಂತು, ಇಳಿಯಲು ಎಷ್ಟು ಹೊತ್ತು ಹಿಡಿಯಿತು? ಈ ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಮಳೆ ನಿಂತ ಅರ್ಧ ಗಂಟೆಗೆ ಇಳಿದರೆ ಚರಂಡಿ ಚಿಕ್ಕದು. ಮಾರನೆಯ ದಿನವೂ ನಿಂತಿದ್ದರೆ ಹೊರಹೋಗುವ ದಾರಿಯೇ ಇಲ್ಲ. ಎರಡಕ್ಕೂ ಪರಿಹಾರ ಬೇರೆ ಬೇರೆ. ಮೊದಲನೆಯದಕ್ಕೆ ದೊಡ್ಡ ಚರಂಡಿ ಕೆಲಸಕ್ಕೆ ಬರಬಹುದು, ಎರಡನೆಯದಕ್ಕೆ ಬರುವುದಿಲ್ಲ.

ನಮ್ಮ ಬೀದಿಯ ಹಿರಿಯ ಅಜ್ಜಿಯೊಬ್ಬರನ್ನು ಇದನ್ನೇ ಕೇಳಿದಾಗ ಅವರು ಎದುರಿನ ಮೂರಂತಸ್ತಿನ ಮನೆ ಕಡೆ ಕೈ ತೋರಿಸಿದರು. "ಅಲ್ಲೊಂದು ನೀರ್ ಹರಿಯೋ ಓಣಿ ಇತ್ತು ಕಣಪ್ಪ. ದನ ಎಲ್ಲ ಅಲ್ಲೇ ನೀರ್ ಕುಡಿಯವು. ಮಳೆಗಾಲ ಕಳೆದ್ ಮೇಲೂ ಅಲ್ಲಿ ಕಾಲಿಟ್ರೆ ಹೂತ್ಕೊಳೋದು." ಗ್ರಾಮ ನಕ್ಷೆ ತೆಗೆಸಿ ನೋಡಿದಾಗ ಹಳ್ಳದ ಗೆರೆ ಅಲ್ಲೇ ಹಾದು ಹೋಗಿತ್ತು.

ಯಾರನ್ನು ಕೇಳುತ್ತೇವೆ ಅನ್ನುವುದೂ ಮುಖ್ಯ. ಬಡಾವಣೆ ಸಂಘದ ಸಭೆಗೆ ಬರುವವರು ಹೆಚ್ಚಾಗಿ ಸ್ವಂತ ಮನೆಯವರು, ಗಂಡಸರು. ನೀರು ನುಗ್ಗುವುದು ಬಾಡಿಗೆ ಕಡಿಮೆ ಇರುವ ನೆಲಮಹಡಿಯ ಮನೆಗಳಿಗೆ, ಮೋರಿ ಪಕ್ಕದ ಶೀಟಿನ ಮನೆಗಳಿಗೆ. ಕೊಳಚೆ ಬಳಿದು ಹೊರಗೆ ಹಾಕುವವರು ಹೆಂಗಸರು. ಯಾವ ಛೇಂಬರ್ ಮೊದಲು ಉಕ್ಕುತ್ತದೆ, ಯಾವ ಸ್ಲ್ಯಾಬ್ ಕೆಳಗೆ ಕಲ್ಲು ಸಿಕ್ಕಿಕೊಂಡಿದೆ ಅಂತ ಪೌರಕಾರ್ಮಿಕರಿಗೆ ಗೊತ್ತಿರುವಷ್ಟು ಯಾವ ಎಂಜಿನಿಯರ್‌ಗೂ ಗೊತ್ತಿಲ್ಲ. ಇವರ ಮಾತು ಬರದ ನಕ್ಷೆ ಅರ್ಧ ನಕ್ಷೆ. ಹಳೆಯ ಮಳೆಗಳಲ್ಲಿ ಯಾರೋ ತೆಗೆದ ವಿಡಿಯೊಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬಿದ್ದಿರುತ್ತವೆ, ಅವನ್ನೂ ತಾರೀಖಿನ ಸಮೇತ ಸೇರಿಸಬೇಕು.

ಮಳೆ ಬರುವಾಗಲೂ ನೋಡಬೇಕು, ಮಹಡಿಯ ಕಿಟಕಿಯಿಂದ, ಜಗಲಿಯಿಂದ. ನೀರು ನಿಂತ ರಸ್ತೆಗೆ ಇಳಿಯುವುದು ಬೇಡ. ಲೈಟ್ ಕಂಬ, ಕಾಣದ ಗುಂಡಿ ಎರಡೂ ಅಪಾಯ. ತಳದಿಂದ ಬಾಯಿಯವರೆಗೆ ಒಂದೇ ಅಗಲ ಇರುವ ಗಾಜಿನ ಡಬ್ಬ, ಒಂದು ಸ್ಕೇಲ್ ಇದ್ದರೆ ಅದೇ ಮಳೆಮಾಪಕ. ಮಳೆ ಶುರುವಾದ ಹೊತ್ತು, ನಿಂತ ಹೊತ್ತು, ಡಬ್ಬದಲ್ಲಿ ಎಷ್ಟು ಮಿಲಿಮೀಟರ್, ಬೀದಿಯಲ್ಲಿ ನೀರು ಏರಿದ ಹೊತ್ತು, ಇಷ್ಟು ಬರೆದರೆ ಸಾಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ನಮ್ಮ ಡಬ್ಬದ ಅಂಕಿಯನ್ನು ಹತ್ತಿರದ ಮಾಪಕದ ಅಂಕಿಯ ಜೊತೆ ಹೋಲಿಸಿದರೆ ಎಷ್ಟು ನಂಬಬಹುದು ಅನ್ನುವುದೂ ತಿಳಿಯುತ್ತದೆ.

ಪಾರ್ಕಿನ ಅರ್ಧ ಅಡಿ

ಇಷ್ಟೆಲ್ಲ ಮಾಡಿ ಕೊನೆಗೆ ದೊಡ್ಡ ಚರಂಡಿಯನ್ನೇ ಕೇಳುವುದಾದರೆ ಈ ಶ್ರಮ ಯಾಕೆ? ಇಲ್ಲೇ ನಕ್ಷೆಯ ನಿಜವಾದ ಪ್ರಯೋಜನ ಇರುವುದು.

ಮೊದಲಿನ ಲೆಕ್ಕಕ್ಕೆ ವಾಪಸ್ ಬನ್ನಿ. ಬರುವುದು ಸೆಕೆಂಡಿಗೆ 670 ಲೀಟರ್, ಚರಂಡಿ ಒಯ್ಯುವುದು 220. ಉಳಿದ 450 ಲೀಟರ್ ರಸ್ತೆಯ ಮೇಲೆ ಹರಿಯುತ್ತದೆ. ಇಂಥ ಬಿರುಸು ಇಪ್ಪತ್ತು ನಿಮಿಷ ಇದ್ದರೆ ಹೆಚ್ಚುವರಿ ನೀರು ಐದು ಲಕ್ಷ ನಲವತ್ತು ಸಾವಿರ ಲೀಟರ್. ಇದನ್ನು ಓಡಿಸಬೇಕು ಅಂತ ಹೊರಟರೆ ಚರಂಡಿ ಮೂರು ಪಟ್ಟು ದೊಡ್ಡದಾಗಬೇಕು. ಅದು ಸೇರುವ ಮೋರಿ, ಮೋರಿ ಸೇರುವ ರಾಜಕಾಲುವೆ ಎಲ್ಲವೂ ದೊಡ್ಡದಾಗಬೇಕು. ಮೇಲಿನ ಬೀದಿಯ ಚರಂಡಿ ಮಾತ್ರ ಅಗಲ ಮಾಡಿದರೆ ನೀರು ಇನ್ನೂ ಬೇಗ ಕೆಳಗಿನ ಬೀದಿಗೆ ಬಂದು ಬೀಳುತ್ತದೆ. ತೊಂದರೆ ನೀಗಿದ ಹಾಗಲ್ಲ, ವಿಳಾಸ ಬದಲಿಸಿದ ಹಾಗೆ.

ಬದಲಿಗೆ ಇಪ್ಪತ್ತು ನಿಮಿಷ ಆ ನೀರನ್ನು ತಡೆದು ನಿಲ್ಲಿಸಲು ಜಾಗ ಇದೆಯಾ ಅಂತ ನೋಡಿ. ಮನೆ ಸಂಪ್‌ಗಳು? ನೂರು ಮನೆಯವರು ಸಾವಿರ ಸಾವಿರ ಲೀಟರ್ ಹಿಡಿದಿಟ್ಟರೆ ಒಂದು ಲಕ್ಷ ಲೀಟರ್. ಒಳ್ಳೆಯದೇ, ಮನೆ ಬಳಕೆಗೂ ಬರುತ್ತದೆ, ಆದರೆ ಇದೊಂದೇ ಸಾಲದು. ಈಗ ಪಾರ್ಕ್ ನೋಡಿ. ಇಷ್ಟು ದೊಡ್ಡ ಬಡಾವಣೆಯಲ್ಲಿ ಒಂದು ಎಕರೆ ಪಾರ್ಕ್ ಇರುವುದು ಅಪರೂಪವೇನಲ್ಲ. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಅದರ ನೆಲವನ್ನು ಸುತ್ತಲಿನ ರಸ್ತೆಗಿಂತ ಬರೀ ಅರ್ಧ ಅಡಿ ತಗ್ಗಿಸಿದರೆ ಆರು ಲಕ್ಷ ಲೀಟರ್ ಹಿಡಿಯುತ್ತದೆ. ಇಡೀ ಬಡಾವಣೆಯ ಹೆಚ್ಚುವರಿ ನೀರು ಅಲ್ಲಿ ಹೋಗಿ ಕೂರಬಹುದು.

ನಾವು ಮಾಡುತ್ತಿರುವುದು ಇದಕ್ಕೆ ತಿರುಗುಮುರುಗು. ಪಾರ್ಕಿಗೆ ಮಣ್ಣು ತಂದು ಎತ್ತರಿಸುತ್ತೇವೆ, ಸುತ್ತ ಕಲ್ಲಿನ ಕಟ್ಟೆ ಕಟ್ಟುತ್ತೇವೆ, ಒಳಗೆ ನಡೆಯಲು ಇಂಟರ್‌ಲಾಕ್ ಹಾಕುತ್ತೇವೆ. ಮಳೆನೀರು ಪಾರ್ಕಿನ ಪಕ್ಕದಲ್ಲೇ ರಸ್ತೆಯಲ್ಲಿ ನಿಂತಿರುತ್ತದೆ, ಒಳಗೆ ಹೋಗಲು ದಾರಿ ಇರುವುದಿಲ್ಲ.

ಸೊಳ್ಳೆ ಬರುತ್ತದಲ್ಲ ಅನ್ನುವ ಭಯ ಸರಿಯಾದದ್ದೇ. 2024ರಲ್ಲಿ ಡೆಂಗಿ ಎಷ್ಟು ಕಾಡಿತು ಅಂದರೆ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಬೇಕಾಯಿತು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಬೇಕು. ಪಾರ್ಕಿನ ನೀರು ಒಂದೆರಡು ದಿನದೊಳಗೆ ಖಾಲಿಯಾಗುವಂತೆ ತಳದಲ್ಲಿ ಸಣ್ಣ ಪೈಪ್ ಇಟ್ಟು ನಿಧಾನವಾಗಿ ಚರಂಡಿಗೆ ಬಿಡಬೇಕು. ಇಂಗಿ ಹೋಗುತ್ತದೆ ಅಂತ ಮಣ್ಣನ್ನೇ ನಂಬಿಕೊಂಡರೆ ಆಗದು. ಮೇ ತಿಂಗಳ ಒಣ ಕೆಂಪು ಮಣ್ಣು ಬೇಗ ಕುಡಿಯುತ್ತದೆ. ಪುಷ್ಯ ಮಳೆಯ ಹೊತ್ತಿಗೆ ಅದೇ ಮಣ್ಣು ತುಂಬಿಕೊಂಡಿರುತ್ತದೆ. ಸರ್ವೆ ಮಾಡುವಾಗಲೇ ಪಾರ್ಕಿನಲ್ಲಿ ಒಂದಡಿ ಗುಂಡಿ ತೋಡಿ, ನೀರು ತುಂಬಿಸಿ, ಎಷ್ಟು ಹೊತ್ತಿಗೆ ಇಳಿಯುತ್ತದೆ ಅಂತ ಬೇಸಿಗೆಯಲ್ಲೊಮ್ಮೆ, ಜುಲೈನಲ್ಲೊಮ್ಮೆ ನೋಡಬೇಕು ಅನ್ನುವುದು ಇದಕ್ಕೇ. ಯುಜಿಡಿ ಹೊಲಸು ಸೇರುವ ಕಡೆ ಈ ಉಪಾಯ ಮಾಡುವ ಹಾಗೇ ಇಲ್ಲ. ಮೊದಲು ಆ ಸೇರುವಿಕೆಯನ್ನು ನಿಲ್ಲಿಸಬೇಕು.

ಕೆಳಗಿನ ಕೆರೆಗೂ ಇದರಿಂದ ಲಾಭ. ಬೇಸಿಗೆಯ ಮೊದಲ ಮಳೆ ಇಡೀ ಊರಿನ ಕಸ, ಎಣ್ಣೆ, ಪ್ಲಾಸ್ಟಿಕ್ ತೊಳೆದುಕೊಂಡು ಬರುತ್ತದೆ. ಅದು ನೇರ ಕೆರೆಗೆ ಹೋಗುವ ಬದಲು ಮಧ್ಯೆ ಎಲ್ಲಾದರೂ ನಿಂತರೆ ಮಣ್ಣೂ ಕಸವೂ ಅಲ್ಲೇ ಉಳಿಯುತ್ತವೆ, ಬಾಚಿ ತೆಗೆಯಬಹುದು. ಹಾಸನದಲ್ಲಿ ಹಸಿರುಭೂಮಿ ಪ್ರತಿಷ್ಠಾನದಂಥವರು ಜನರನ್ನು ಸೇರಿಸಿ ಕೆರೆ, ಕಲ್ಯಾಣಿಗಳ ಹೂಳೆತ್ತಿದ್ದಾರೆ. ಅಂಥ ಕೆಲಸದ ಫಲ ಉಳಿಯಬೇಕಾದರೆ ಮೇಲಿನ ಬಡಾವಣೆಗಳಿಂದ ಹೂಳು ಬರುವುದು ಕಡಿಮೆಯಾಗಬೇಕು.

ಯಾವಾಗ, ಯಾರ ಕೈಗೆ

ಮಾಡುವ ಹೊತ್ತನ್ನು ಸರಿಯಾಗಿ ಆರಿಸಿಕೊಳ್ಳಬೇಕು. ವಿಪತ್ತು ಪ್ರಾಧಿಕಾರದ ಮಾರ್ಗಸೂಚಿ ಪ್ರಕಾರ ದೊಡ್ಡ ಚರಂಡಿಗಳ ಹೂಳೆತ್ತುವುದು ಮಾರ್ಚ್ 31ರೊಳಗೆ ಮುಗಿಯಬೇಕು. ಇದು ನಮಗೆ ಹೇಳಿ ಮಾಡಿಸಿದಂತಿದೆ, ಏಪ್ರಿಲ್ 27ರ ಸುಮಾರಿಗೆ ಭರಣಿ ಶುರು. ಇಲ್ಲಿ ಮೇ ಕೊನೆಯಲ್ಲಿ, ಮುಂಗಾರಿಗೆ ಸಿದ್ಧತೆ ಅಂತ ಹೂಳು ತೆಗೆಯುವಷ್ಟರಲ್ಲಿ ಎರಡು ಬಿರುಮಳೆ ಆಗಿಹೋಗಿರುತ್ತದೆ. ತೆಗೆದ ಹೂಳನ್ನು ಚರಂಡಿ ಪಕ್ಕದಲ್ಲೇ ಗುಡ್ಡೆ ಹಾಕಿದ್ದರೆ ಅದು ವಾಪಸ್ ಒಳಗೆ ಹೋಗಿರುತ್ತದೆ. ಹಾಗಾಗಿ ನವೆಂಬರಿನಿಂದ ಜನವರಿ ಒಳಗೆ ಅಳತೆ, ಮನೆಮನೆ ಭೇಟಿ ಮುಗಿಸಿದರೆ ಫೆಬ್ರವರಿಯ ಬಜೆಟ್ ಹೊತ್ತಿಗೆ ಕೈಯಲ್ಲಿ ನಕ್ಷೆ ಇರುತ್ತದೆ.

ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರಿಂದ ಈ ಊರಿನಲ್ಲೇ ಇದೆ. ಸಿವಿಲ್ ವಿದ್ಯಾರ್ಥಿಗಳು ಸರ್ವೆ ಪ್ರಾಕ್ಟಿಕಲ್ ಎಲ್ಲಾದರೂ ಮಾಡಲೇಬೇಕು. ಅದನ್ನು ಕಾಲೇಜಿನ ಮೈದಾನದ ಬದಲು ನೀರು ನಿಲ್ಲುವ ಬಡಾವಣೆಯಲ್ಲಿ ಮಾಡಲಿ. ನಮ್ಮ ಲೆವೆಲ್ ಪೈಪ್ ತಪ್ಪು ತೋರಿಸಿದ ಕಡೆ ಅವರ ಯಂತ್ರ ಸರಿ ತೋರಿಸುತ್ತದೆ, ಅಧಿಕಾರಿಗಳ ಮುಂದೆ ಇಡುವ ಕಾಗದಕ್ಕೂ ತೂಕ ಬರುತ್ತದೆ.

ನಕ್ಷೆಯ ಒಂದು ಪ್ರತಿ ವಾರ್ಡಿನ ಎಂಜಿನಿಯರ್‌ಗೆ, ಒಂದು ನಗರಾಭಿವೃದ್ಧಿ ಪ್ರಾಧಿಕಾರಕ್ಕೆ, ಒಂದು ಕೆಳಗಿನ ಬಡಾವಣೆಯವರಿಗೆ ಹೋಗಬೇಕು. ಮೂರನೆಯದನ್ನು ಮರೆಯುವುದು ಸುಲಭ. ನಮ್ಮ ನೀರು ಹೋಗಿ ಬೀಳುವುದು ಅವರ ಮೇಲೆ, ಹಾಗಾಗಿ ಅವರು ಒಪ್ಪದ ಯೋಜನೆ ನಮ್ಮದೂ ಅಲ್ಲ. ಬೀದಿಯವರ ಹತ್ತಿರವೂ ಒಂದು ಪ್ರತಿ ಇರಲಿ, ಅಳತೆಗಳ ಸಮೇತ. ಕಾಮಗಾರಿ ಮುಗಿದ ಮೇಲೆ, ಗುತ್ತಿಗೆದಾರರ ಬಿಲ್ ಪಾಸಾಗುವ ಮೊದಲು, ಅದನ್ನು ಕೈಯಲ್ಲಿ ಹಿಡಿದು ಹೊಸ ಚರಂಡಿಯ ತಳವನ್ನು ಹತ್ತು ಹತ್ತು ಮೀಟರಿಗೆ ಮತ್ತೊಮ್ಮೆ ಅಳೆಯಬೇಕು. ಬಾಯಿಯ ಹತ್ತಿರ ತಳ ಎತ್ತರ ಬಂದಿದ್ದರೆ ಆಗ ಒಡೆಸಿ ಸರಿ ಮಾಡಿಸಬಹುದು. ಬಿಲ್ ಆದ ಮೇಲೆ ಒಡೆಯುವವರೂ ಸಿಗುವುದಿಲ್ಲ, ಕೇಳಿಸಿಕೊಳ್ಳುವವರೂ ಸಿಗುವುದಿಲ್ಲ.